ಸೊಂಟಮಟ್ಟದ ಜಗಳ

ನಮ್ಮೂರಲ್ಲಿ ಜಗಳವಾಡಬೇಕೆಂದರೆ ನೀರಿಗಿಳಿಯಬೇಕು. ನೆಲದ ಮೇಲೆ ನಿಂತು ಯಾರಿಗಾದರೂ ಬೈಯಲು ಬಾಯಿ ತೆರೆದರೆ ಬೈಗುಳ ಬರುವುದಿಲ್ಲ, ಬಿಕ್ಕಳಿಕೆ ಬರುತ್ತದೆ. ಹಟಕ್ಕೆ ಬಿದ್ದವರು ಅರ್ಧ ದಿನ ಬಿಕ್ಕಳಿಸಿ ಸುಸ್ತಾಗಿದ್ದಾರೆ. ಹಾಗಾಗಿ ಸಂತೆಯಲ್ಲಿ ತೂಕ ಕಡಿಮೆ ಬಂದರೆ ಗಿರಾಕಿ ಕೈಮುಗಿದು, "ಸಂಜೆ ಕೊಳದ ಹತ್ರ ಸಿಗ್ತೀರಾ ಅಣ್ಣ?" ಎಂದು ಕೇಳುತ್ತಾನೆ. ವ್ಯಾಪಾರಿಯೂ ಅಷ್ಟೇ ಮರ್ಯಾದೆಯಿಂದ, "ಬರ್ತೀನಿ ಸ್ವಾಮಿ, ಟವೆಲು ತರೋದು ಮರೀಬೇಡಿ" ಎನ್ನುತ್ತಾನೆ. ಪರವೂರಿನವರು ಇದನ್ನೆಲ್ಲ ನೋಡಿ, ಎಂಥ ಸಭ್ಯ ಜನ ಎಂದು ಹೊಗಳಿ ಬಸ್ಸು ಹತ್ತುತ್ತಾರೆ. ಅವರು ಯಾರೂ ಕೊಳದ ಕಡೆ ಬಂದಿರುವುದಿಲ್ಲ.

ಆ ಕೊಳವನ್ನು ನೋಡಿಕೊಳ್ಳುವವಳು ನಾನು, ದಾಕ್ಷಾಯಣಿ. ಪುರಸಭೆಯ ಫಲಕದಲ್ಲಿ ಅದು ಈಜುಕೊಳ. ಈಜಲು ಬರುವವರನ್ನು ನಾನು ಹೆಚ್ಚು ಕಂಡಿಲ್ಲ.

ನನಗಿಂತ ಮುಂಚೆ ಇದ್ದ ಮೇಸ್ತ್ರಿ ಬ್ಲೀಚಿಂಗ್ ಪುಡಿಯನ್ನು ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದ. ನೀರಿಗಿಳಿದ ಸ್ವಲ್ಪ ಹೊತ್ತಿಗೆ ಕಣ್ಣು ಉರಿದು ಧಾರಾಕಾರವಾಗಿ ನೀರು ಸುರಿಯುತ್ತಿತ್ತು. ಜಗಳಕ್ಕಿಳಿದ ಇಬ್ಬರೂ ಅಳುವುದನ್ನು ಕಂಡ ಬಂಧುಗಳು, ಪಶ್ಚಾತ್ತಾಪವಾಗಿದೆ ಎಂದು ಅವರನ್ನು ದಡಕ್ಕೆ ಎಳೆದು ಅಪ್ಪಿಕೊಳ್ಳುವಂತೆ ಮಾಡುತ್ತಿದ್ದರು. ಊರ ತುಂಬ ಅರ್ಧ ಬೆಂದ ರಾಜಿಗಳು. ಆಮೇಲೆ ಪುರಸಭೆ ಉಪ್ಪುನೀರಿನ ಯಂತ್ರ ತರಿಸಿತು. ಅದರಿಂದ ನೀರು ಮೃದುವಾಯಿತು, ಜನ ಕಣ್ಣು ಬಿಟ್ಟುಕೊಂಡು, ಎದುರಾಳಿಯ ಮುಖ ನೋಡುತ್ತ, ನೆಮ್ಮದಿಯಾಗಿ ಜಗಳವಾಡುವಂತಾಯಿತು.

ಉಪ್ಪುನೀರೆಂದರೆ ಕ್ಲೋರಿನ್ ಇಲ್ಲದ ನೀರು ಎಂದು ಇವತ್ತಿಗೂ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಕೊಳಕ್ಕೆ ಒಂದಿಷ್ಟು ಉಪ್ಪು ಬೆರೆಸಿರುತ್ತೇವೆ, ತಿಳಿಸಾರಿಗಿಂತಲೂ ಸಪ್ಪೆ. ಆ ನೀರನ್ನು ಪಂಪು ಎಳೆದು ಮರಳಿನ ಫಿಲ್ಟರಿಗೆ ಕೊಡುತ್ತದೆ. ಅಲ್ಲಿಂದ ಅದು ಸೆಲ್ ಎಂಬ ಕೊಳವೆಯೊಳಗೆ ಹೋಗುತ್ತದೆ. ಸೆಲ್ಲಿನಲ್ಲಿ ಲೋಹದ ತಗಡುಗಳಿವೆ. ಅವುಗಳಿಗೆ ಕರೆಂಟು ಹರಿದಾಗ ಉಪ್ಪೇ ಕ್ಲೋರಿನ್ ಆಗಿ, ಕ್ರಿಮಿಗಳನ್ನು ಕೊಂದು, ಮತ್ತೆ ಉಪ್ಪಾಗಿ ಕೊಳದಲ್ಲೇ ಉಳಿಯುತ್ತದೆ. ಬೆಳಗ್ಗೆ ಹೊರಗೆ ಹೋಗಿ ದುಡಿದು ಸಂಜೆ ಅದೇ ಮುಖ ಹೊತ್ತು ಮನೆಗೆ ಬರುವ ಗಂಡಸಿನ ಹಾಗೆ. ಬಿಸಿಲಿಗೆ ನೀರು ಆರಿದರೆ ನೀರನ್ನಷ್ಟೇ ತುಂಬಬೇಕು, ಉಪ್ಪು ಆವಿಯಾಗುವುದಿಲ್ಲ. ಮಳೆಗೆ ಕೊಳ ತುಂಬಿ ಹರಿದರೆ, ಇಲ್ಲವೇ ಜಗಳದ ರಭಸಕ್ಕೆ ನೀರು ಹೊರಗೆ ಚೆಲ್ಲಿದರೆ ಮಾತ್ರ ಉಪ್ಪು ಇಳಿಯುತ್ತದೆ. ನಮ್ಮೂರಲ್ಲಿ ಎರಡನೆಯದೇ ಹೆಚ್ಚು.

ಇಷ್ಟೆಲ್ಲ ಜಗಳಕ್ಕೆ ನೀರು ಹದ ಮಾಡಿಕೊಡುವ ನಾನು, ನನ್ನ ಗಂಡನ ಜೊತೆ ಒಂದು ದಿನವೂ ಜಗಳವಾಡಿರಲಿಲ್ಲ.

ನಮ್ಮವರ ಹೆಸರು ತಿಪ್ಪೇಶಪ್ಪ. ಹಿಟ್ಟಿನ ಗಿರಣಿ ನಡೆಸುತ್ತಾರೆ. ಹುಬ್ಬಿನಿಂದ ಹಿಡಿದು ಚಪ್ಪಲಿಯವರೆಗೆ ಹಿಟ್ಟು ಮೆತ್ತಿಕೊಂಡು ಮನೆಗೆ ಬರುತ್ತಾರೆ. ನಾನು ಏನು ಹೇಳಿದರೂ, "ನೀನು ಹೇಳಿದ್ದೇ ಸರಿ" ಎನ್ನುತ್ತಾರೆ. ಮನೆಗೆ ಹಸಿರು ಬಣ್ಣ ಹೊಡೆಸೋಣವೆಂದೆ. ನೀನು ಹೇಳಿದ್ದೇ ಸರಿ. ಅರ್ಧ ಗೋಡೆ ಆದ ಮೇಲೆ ಹಳದಿಯೇ ವಾಸಿ ಎಂದೆ, ಅದೂ ಸರಿಯೇ. ಪಕ್ಕದ ಮನೆಯ ಸಿದ್ದಗಂಗಮ್ಮ ಶನಿವಾರ ಶನಿವಾರ ಗಂಡ ಮೈಲಾರಿಯನ್ನು ಕರೆದುಕೊಂಡು ನೀರಿಗಿಳಿದು, ಅವನ ಏಳು ತಲೆಮಾರನ್ನು ಜಾಲಾಡಿ, ದಾರಿಯಲ್ಲಿ ಅವನ ಕೈಯಲ್ಲೇ ಬೋಂಡ ಕೊಡಿಸಿಕೊಂಡು ಮನೆಗೆ ಹೋಗುತ್ತಾಳೆ. ಅವಳು ನನಗೆ ಹೇಳುವುದು, "ನಿಂದು ಪುಣ್ಯ ಕಣೆ ದಾಕ್ಷಾಯಣಿ. ದೇವರಂಥ ಗಂಡ."

ದೇವರ ಜೊತೆ ಸಂಸಾರ ಮಾಡಿದವರಿಗೆ ಗೊತ್ತು ಅದರ ಕಷ್ಟ. ಬೀಗ ಹಾಕಿದ ಮನೆಯ ಜಗಲಿಯಲ್ಲಿ ವಾಸ ಮಾಡಿದ ಹಾಗೆ. ಅವರಿಗೆ ಏನು ಇಷ್ಟ, ಯಾವುದಕ್ಕೆ ಸಿಟ್ಟು, ಯಾವುದು ನೋವು ಎಂಬುದು ಇಪ್ಪತ್ತು ವರ್ಷ ದಾಟಿದರೂ ನನಗೆ ತಿಳಿದಿರಲಿಲ್ಲ. ನೀರಿಗೆ ಕರೆಯೋಣವೆಂದರೆ ಅವರಿಗೆ ನೀರೆಂದರೆ ಭಯ. ಮನೆಯ ತೊಟ್ಟಿಗೂ ಬೆನ್ನು ಹಾಕಿ ನಿಲ್ಲುವ ಮನುಷ್ಯ.

ಹೀಗಿರುವಾಗ, ಯಾವುದೋ ದೂರದ ಸಂಸ್ಥೆಯೊಂದು ‘ಶಾಂತಿಯ ಊರು’ ಎಂಬ ಬಹುಮಾನ ಕೊಡುವುದೆಂದೂ, ನಮ್ಮೂರು ಕೊನೆಯ ಸುತ್ತಿಗೆ ಬಂದಿದೆಯೆಂದೂ ಸುದ್ದಿಯಾಯಿತು. ಪುರಸಭೆಯ ಅಧ್ಯಕ್ಷ ರೇವಣಸಿದ್ದಪ್ಪ ಕೆಟ್ಟ ಮನುಷ್ಯನಲ್ಲ. ಊರಿಗೆ ಏನಾದರೊಂದು ಹೆಸರು ಬರಲಿ ಎಂಬ ಆಸೆ, ಅದರ ಪಕ್ಕದಲ್ಲಿ ತನ್ನ ಫೋಟೋ ಇರಲಿ ಎಂಬ ಇನ್ನೊಂದು ಆಸೆ, ಅಷ್ಟೇ. ಪಂಪ್ ರೂಮಿಗೆ ಬಂದು ಹೇಳಿದ: "ದಾಕ್ಷಾಯಣಮ್ಮ, ಸಮಿತಿಯವರು ಬಂದು ಹೋಗೋವರ್ಗೂ ಒಂದು ತಿಂಗಳು ಗೇಟಿಗೆ ಬೀಗ ಹಾಕಿ. ಅವರು ಬಂದಾಗ ಇಲ್ಲಿ ಯಾರಾದ್ರೂ ಒಬ್ಬರ ಜುಟ್ಟು ಒಬ್ಬರು ಹಿಡ್ಕೊಂಡಿದ್ರೆ ನಮ್ಮ ಕಥೆ ಮುಗೀತು."

"ಬೀಗ ಹಾಕ್ಬಹುದು ಅಧ್ಯಕ್ಷರೇ. ಆದ್ರೆ ಇದು ಅಂಗಡಿ ಅಲ್ಲ. ಪಂಪು ನಿಲ್ಲಿಸಿದ್ರೆ ನೀರು ಹಸಿರಾಗುತ್ತೆ."

"ಪಂಪು ಓಡ್ಲಿ. ಜನ ಬೇಡ."

"ಜನಕ್ಕೂ ಹಾಗೇ ಆಗುತ್ತೆ. ಒಳಗೆ ನಿಂತ್ರೆ..."

"ಅದನ್ನ ಆಮೇಲೆ ನೋಡ್ಕೊಳೋಣ" ಎಂದು ಅವನು ಹೊರಟ. ನನಗೆ ಸಣ್ಣದೊಂದು ಬಿಕ್ಕಳಿಕೆ ಬಂತು.

ಮೊದಲ ವಾರ ಊರು ಹೇಗೋ ತಡೆದುಕೊಂಡಿತು. ಎರಡನೆಯ ವಾರಕ್ಕೆ ಮರ್ಯಾದೆ ಅತಿಯಾಯಿತು. ಸೊಸೆಯರು ಅತ್ತೆಯರ ಕಾಲಿಗೆ ಬೀಳುವ ರಭಸಕ್ಕೆ ಅತ್ತೆಯರು ಹಿಂದೆ ಸರಿಯಬೇಕಾಗಿತ್ತು. ಕಟಿಂಗ್ ಅಂಗಡಿಯ ಹನುಮಂತುಗೆ ತಮ್ಮನ ಮೇಲೆ ಯಾವುದೋ ಕೋಪ. ಅವನು ಗಲ್ಲಕ್ಕೆ ಕತ್ತಿ ಇಟ್ಟಾಗಲೆಲ್ಲ ಬಿಕ್ಕಳಿಸುತ್ತಿದ್ದುದರಿಂದ ಊರ ಗಂಡಸರೆಲ್ಲ ಗಡ್ಡ ಬಿಟ್ಟರು. ಶಾಲೆಯಲ್ಲಿ ಪ್ರಾರ್ಥನೆಯ ಬದಲು ಬಿಕ್ಕಳಿಕೆ ಕೇಳಿಸುತ್ತಿತ್ತು, ಅದೂ ಮೇಷ್ಟರುಗಳ ಸಾಲಿನಿಂದ. ಸಿದ್ದಗಂಗಮ್ಮ ನಮ್ಮ ಬಾಗಿಲಿಗೆ ಬಂದು, "ನಮ್ಮೆಜಮಾನ್ರು ತುಂಬ ಒಳ್ಳೆಯವ್ರು" ಎಂದು ಹಲ್ಲು ಕಚ್ಚಿಕೊಂಡು ಹೇಳಿ ಹೋಗುತ್ತಿದ್ದಳು.

ಅಷ್ಟರಲ್ಲಿ ಒಂದು ಗಾಳಿಸುದ್ದಿ ಎದ್ದಿತು. ಉಪ್ಪು ತೀರಿದ್ದಕ್ಕೇ ಕೊಳ ಮುಚ್ಚಿದ್ದಾರಂತೆ, ಪುರಸಭೆಯವರು ನಾಚಿಕೆಗೆ ಹೇಳುತ್ತಿಲ್ಲವಂತೆ. ನಮ್ಮ ಜನಕ್ಕೆ ಒಳ್ಳೆಯ ಬುದ್ಧಿ ಬಂದರೆ ತಡೆಯುವುದು ಕಷ್ಟ. ದಾರಿಯಲ್ಲಿ ಹೋಗುವವರೆಲ್ಲ ಕಾಂಪೌಂಡಿನಾಚೆಯಿಂದ ಉಪ್ಪು ಎಸೆಯತೊಡಗಿದರು. ಕಲ್ಲುಪ್ಪು, ಪುಡಿಯುಪ್ಪು, ಉಪ್ಪಿನಕಾಯಿಗೆಂದು ಹುರಿದಿಟ್ಟ ಉಪ್ಪು, ದನಕ್ಕೆ ನೆಕ್ಕಿಸುವ ಉಪ್ಪಿನ ಗಟ್ಟಿ. ಯಾರೋ ಪುಣ್ಯಾತ್ಮರು ಭರಣಿಸಮೇತ ಎಸೆದಿದ್ದರು. ನಾನು ಬೇಡವೆಂದು ಗೇಟಿನಲ್ಲಿ ನಿಂತು ಕೈಮುಗಿದೆ. ಅವರೂ ಕೈಮುಗಿದು, ಹಿಂದಿನ ಗೋಡೆಯ ಕಡೆ ಹೋಗಿ ಎಸೆದರು.

ಉಪ್ಪು ಕಡಿಮೆಯಾದರೆ ಹಾಕಬಹುದು. ಹೆಚ್ಚಾದರೆ ತೆಗೆಯುವ ಯಂತ್ರವಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಏನು ಮಾಡುತ್ತೇವೋ ಅದೇ: ಸ್ವಲ್ಪ ಚೆಲ್ಲಿ ನೀರು ಬೆರೆಸಬೇಕು. ಯಂತ್ರದ ಮೇಲೆ ಕೆಂಪು ದೀಪ ಹತ್ತಿಕೊಂಡಿತು, ಸೆಲ್ ಕೆಲಸ ನಿಲ್ಲಿಸಿತು, ಕ್ಲೋರಿನ್ ಹುಟ್ಟುವುದು ನಿಂತಿತು. ಬಿಸಿಲು ಕಾದಿತ್ತು. ಸಮಿತಿ ಬರುವ ವಾರ ಕೊಳ ಪಾಲಕಿನ ಸಾರಿನ ಬಣ್ಣಕ್ಕೆ ತಿರುಗಿತು. ಸಮಾರಂಭ ಕೊಳದ ಪಕ್ಕದಲ್ಲೇ ಎಂದು ಅಧ್ಯಕ್ಷ ಅಷ್ಟರಲ್ಲಿ ಆಮಂತ್ರಣ ಹಂಚಿ ಆಗಿತ್ತು. ತಿಳಿನೀರಿನ ಪಕ್ಕ ಫೋಟೋ ಚೆನ್ನಾಗಿ ಬರುತ್ತದೆಂದು.

ಒಬ್ಬಳೇ ಮಾಡುವ ಕೆಲಸವಲ್ಲ. ಯಾರನ್ನು ಕರೆಯಲಿ ಎಂದು ಯೋಚಿಸುತ್ತ ಹಸಿರು ನೀರಿನ ಮುಂದೆ ನಿಂತಿದ್ದಾಗ, ಗಿರಣಿ ಮುಚ್ಚಿ ನಮ್ಮವರೇ ಬಂದರು. ಕೊಳಕ್ಕೆ ಬೆನ್ನು ಹಾಕಿ, ಪೈಪಿನ ತುದಿ ಹಿಡಿದು, "ಏನು ಮಾಡ್ಬೇಕು ಹೇಳು" ಎಂದರು.

ಅರ್ಧ ನೀರನ್ನು ಮೋರಿಗೆ ಬಿಟ್ಟೆವು. ಟ್ಯಾಂಕರು ನೀರು ತುಂಬಿಸಿದೆವು. ನಾನು ಗೋಡೆಗಳನ್ನು ಉದ್ದ ಬ್ರಷ್ಷಿನಲ್ಲಿ ಉಜ್ಜಿದೆ. ಅವರು ದಡದಿಂದ ಹಗ್ಗ ಎಳೆದರು, ಕಸ ಹೊತ್ತರು. ಪಾಚಿ ಸಾಯಲೆಂದು ಒಂದು ಸಲದ ಮಟ್ಟಿಗೆ ಹಳೆಯ ಪದ್ಧತಿಯ ಕ್ಲೋರಿನ್ನನ್ನೇ ಜೋರಾಗಿ ಹೊಡೆದು, ಫಿಲ್ಟರಿನ ಮರಳನ್ನು ಹಿಮ್ಮುಖ ನೀರಿನಿಂದ ತೊಳೆದು, ಮತ್ತೆ ಓಡಿಸಿದೆವು. ಕೊನೆಗೆ ಸೆಲ್ಲನ್ನು ಬಿಚ್ಚಿ ತಂದೆ. ತಗಡುಗಳ ಮೇಲೆ ಬಿಳಿಯ ಸುಣ್ಣ ಗಟ್ಟಿಯಾಗಿ ಕೂತಿತ್ತು. ಅದನ್ನು ಕೆರೆಯಬಾರದು, ತೆಳು ಆಸಿಡ್‌ನಲ್ಲಿ ನೆನೆಸಬೇಕು.

"ಬಕೆಟ್ಟಿಗೆ ಮೊದ್ಲು ನೀರು ಹಾಕಿ. ಆಮೇಲೆ ನೀರಿಗೆ ಆಸಿಡ್ ಹಾಕ್ಬೇಕು. ಆಸಿಡ್‌ಗೆ ನೀರು ಹಾಕಿದ್ರೆ ಮುಖಕ್ಕೆ ಸಿಡಿಯುತ್ತೆ" ಎಂದೆ.

"ನೀನು ಹೇಳಿದ್ದೇ ಸರಿ" ಎಂದರು. ಆ ಒಂದು ವಿಷಯದಲ್ಲಿ ನಾನು ಹೇಳಿದ್ದು ನಿಜವಾಗಿಯೂ ಸರಿ.

ಸೆಲ್ ನೊರೆಯುಗುಳುತ್ತ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಮಾಡಲು ಬೇರೆ ಕೆಲಸವಿರಲಿಲ್ಲ. ಇಬ್ಬರೂ ಪಂಪ್ ರೂಮಿನ ಹೊಸ್ತಿಲಲ್ಲಿ ಕೂತಿದ್ದೆವು. ದಣಿದಿದ್ದಕ್ಕೋ ಏನೋ, ನನಗೆ ಕೇಳಬೇಕೆನಿಸಿತು. "ರೀ, ನಿಜ ಹೇಳಿ. ನನ್ನ ಮೇಲೆ ನಿಮಗೆ ಯಾವತ್ತೂ ಸಿಟ್ಟು ಬಂದಿಲ್ವಾ?"

ಅವರು ಬಾಯಿ ತೆರೆದರು. ಬಿಕ್ಕಳಿಸಿದರು.

ಒಂದೇ ಒಂದು. ನಮ್ಮಿಬ್ಬರಿಗೂ ಕೇಳಿಸಿತು. ಅವರು ಗಾಬರಿಯಿಂದ ಎದ್ದು, "ಖಾರ ತಿಂದಿದ್ದೆ ಅನ್ಸುತ್ತೆ, ನೀರು ಕುಡಿದು ಬರ್ತೀನಿ" ಎಂದು ಗೇಟಿನ ಕಡೆ ಹೋದರು. ಮಧ್ಯಾಹ್ನ ಅವರು ತಿಂದದ್ದು ಮೊಸರನ್ನ. ನಾನು ಹೊಸ್ತಿಲಲ್ಲೇ ಕೂತಿದ್ದೆ. ಹಾಗಾದರೆ ಒಳಗೆ ಏನೋ ಇದೆ.

ಸಮಾರಂಭದ ಹೊತ್ತಿಗೆ ನೀರು ಗಾಜಿನ ಹಾಗೆ ತಿಳಿಯಾಗಿತ್ತು. ಹೊಡೆದಿದ್ದ ಕ್ಲೋರಿನ್ ಇಳಿದಿತ್ತು, ಉಪ್ಪು ಹದಕ್ಕೆ ಬಂದಿತ್ತು, ಯಂತ್ರದ ಮೇಲೆ ಹಸಿರು ದೀಪ. ಶಾಮಿಯಾನದ ಕೆಳಗೆ ಇಡೀ ಊರು ಸೇರಿತ್ತು, ಗಂಡಸರೆಲ್ಲ ಗಡ್ಡಧಾರಿಗಳು. ಸಮಿತಿಯಿಂದ ದಪ್ಪ ಕನ್ನಡಕದ ಒಬ್ಬ ಹಿರಿಯ ಹೆಂಗಸೂ, ಅವರ ಮಾತಿಗೆಲ್ಲ ತಲೆಯಾಡಿಸುವ ಒಬ್ಬ ಕಾರ್ಯದರ್ಶಿಯೂ ಬಂದಿದ್ದರು. ನಾನು ಪಂಪ್ ರೂಮಿನ ಬಾಗಿಲಲ್ಲಿ ನಿಂತು ಭಾಷಣ ಕೇಳುತ್ತಿದ್ದೆ. ಆಗ ರೇವಣಸಿದ್ದಪ್ಪ ಮೈಕಿನಲ್ಲಿ, ಊರಿನ ಆದರ್ಶ ದಂಪತಿಗೆ ಸನ್ಮಾನವಿದೆ ಎಂದ.

"ಕೊಳದ ಉಸ್ತುವಾರಿ ಇವರದ್ದೇ. ಹಗಲೂ ರಾತ್ರಿ ನೀರಿನ ಪಕ್ಕ ಇರೋರು. ಆದ್ರೂ ಮದುವೆ ಆದಾಗಿನಿಂದ ಒಂದೇ ಒಂದು ಸಲಾನೂ ನೀರಿಗೆ ಇಳಿಯದ ಜೋಡಿ ಇದು. ತಿಪ್ಪೇಶಪ್ಪ ಮತ್ತು ದಾಕ್ಷಾಯಣಮ್ಮ, ವೇದಿಕೆಗೆ ಬರಬೇಕು."

ಚಪ್ಪಾಳೆ ಬಿತ್ತು. ಯಾರೋ ನನ್ನನ್ನು ತಳ್ಳಿದರು. ನಮ್ಮವರಿಗೆ ಪೇಟ ತೊಡಿಸಿದರು, ನನಗೆ ಶಾಲು ಹೊದಿಸಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಕನ್ನಡಕದ ಹೆಂಗಸು ನನ್ನ ಕೈ ಹಿಡಿದು, "ಇದರ ಗುಟ್ಟೇನಮ್ಮ?" ಎಂದು ಕೇಳಿದರು.

ಉತ್ತರ ಹೇಳಲು ಹೋದೆ. ಬಿಕ್ಕಳಿಕೆ ಬಂತು. ಮತ್ತೊಂದು ಬಂತು. ಪಕ್ಕದಲ್ಲಿ ಪೇಟ ತೊಟ್ಟು ನಿಂತಿದ್ದ ಮನುಷ್ಯನನ್ನು ನೋಡಿದೆ. ಅವರ ಗಂಟಲೂ ಮೇಲೆ ಕೆಳಗೆ ಆಡುತ್ತಿತ್ತು.

ಹಣ್ಣಿನ ಬುಟ್ಟಿಯನ್ನು ರೇವಣಸಿದ್ದಪ್ಪನ ಕೈಗೆ ಕೊಟ್ಟೆ. ಶಾಲು ತೆಗೆದು ಕುರ್ಚಿಯ ಮೇಲಿಟ್ಟೆ. ವೇದಿಕೆಯಿಂದ ಇಳಿದು, ಮೆಟ್ಟಿಲಿರುವ ಕಡೆಯಿಂದ ರೇಷ್ಮೆ ಸೀರೆಯಲ್ಲೇ ಕೊಳಕ್ಕಿಳಿದೆ. ಅಲ್ಲಿ ಸೊಂಟದಷ್ಟು ನೀರು. ಸೀರೆ ಸುತ್ತಲೂ ಕೊಡೆಯ ಹಾಗೆ ಉಬ್ಬಿತು. ಬಿಕ್ಕಳಿಕೆ ನಿಂತಿತು.

"ರೀ, ಬನ್ನಿ ಇಲ್ಲಿ" ಎಂದೆ.

ಅಧ್ಯಕ್ಷ ಮೈಕಿನಲ್ಲಿ, "ಇದು ಕಾರ್ಯಕ್ರಮದಲ್ಲಿ ಇಲ್ಲ" ಎಂದ. ನಮ್ಮವರು ನಿಧಾನವಾಗಿ ಬಂದರು. ಚಪ್ಪಲಿ ಬಿಟ್ಟರು, ಪೇಟ ಬಿಡಲಿಲ್ಲ. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದೊಂದೇ ಮೆಟ್ಟಿಲು ಇಳಿದರು. ಪಂಚೆಯಿಂದ ಹಿಟ್ಟು ಬಿಟ್ಟುಕೊಂಡು ನೀರು ಬೆಳ್ಳಗಾಯಿತು. ನನ್ನೆದುರು ಬಂದು ನಿಂತು ಕಣ್ಣು ತೆರೆದರು.

"ನಿಮ್ಮಕ್ಕ ಬಂದಾಗೆಲ್ಲ ನನ್ನ ದಿಂಬನ್ನೇ ಯಾಕೆ ಕೊಡ್ತೀಯ?" ಎಂದರು.

ನನಗೆ ಅರ್ಥವಾಗಲಿಲ್ಲ. "ಏನು?"

"ದಿಂಬು. ಮನೇಲಿ ಬೇರೆ ದಿಂಬಿಲ್ವಾ? ಅವರು ಹೋದ್ಮೇಲೆ ವಾರಗಟ್ಟಲೆ ಹರಳೆಣ್ಣೆ ವಾಸನೆ. ನಂಗೆ ನಿದ್ದೆ ಬರಲ್ಲ."

"ಒಂದಿನ ಹೇಳ್ಬಾರ್ದಿತ್ತಾ?"

"ಎಲ್ಲಿ ಹೇಳ್ಲಿ? ನನ್ನ ಪಾಲಿನ ಮಾತೂ ನೀನೇ ಆಡ್ತೀಯ, ಅದಕ್ಕೆ ಉತ್ತರಾನೂ ನೀನೇ ಕೊಡ್ತೀಯ, ಕೊನೇಗೆ ಏನಂತೀರಾ ಅಂತ ಕೇಳ್ತೀಯ. ಇನ್ನೇನು ಉಳಿದಿರುತ್ತೆ ನಂಗೆ? ಸರಿ ಅಂತೀನಿ. ಮತ್ತೆ ಉಪ್ಪಿಟ್ಟು. ನಂಗೆ ಉಪ್ಪಿಟ್ಟು ಸೇರಲ್ಲ. ಮದುವೆ ಆದಾಗಿಂದ ತಿಂತಾ ಇದೀನಿ."

ದಡದಲ್ಲಿ ಯಾರೋ "ಪಾಪ" ಎಂದರು. ಆ ದನಿ ಮೈಲಾರಿಯದು.

ನಾನು ಊರಿನ ಜಗಳಗಳನ್ನೆಲ್ಲ ಕೇಳಿ ಕಿವಿ ಪಳಗಿದವಳು. ನನ್ನ ಸರದಿ ಬಂದಾಗ ಹೀಗೆ ಹೇಳಬೇಕು, ಹಾಗೆ ತಿರುಗಿಸಬೇಕು ಎಂದು ವರ್ಷಗಟ್ಟಲೆ ಯೋಚಿಸಿಟ್ಟಿದ್ದೆ. ಒಂದೂ ನೆನಪಾಗಲಿಲ್ಲ. ಬಂದದ್ದು ಬೇರೆಯದೇ.

"ಆಸ್ಪತ್ರೆಯಿಂದ ಬಂದ ದಿನ ನಾನು ಏನಂದೆ? ಸಾಕು, ಇನ್ನು ಡಾಕ್ಟ್ರ ಹತ್ರ ಹೋಗೋದು ಬೇಡ, ಮಕ್ಕಳಾಗದಿದ್ರೆ ಬೇಡ ಅಂದೆ. ನೀವೇನಂದ್ರಿ?"

ಅವರು ಪೇಟ ಸರಿಮಾಡಿಕೊಂಡರು.

"ಏನಂದ್ರಿ, ಹೇಳಿ."

"ನೀನು ಹೇಳಿದ್ದೇ ಸರಿ ಅಂದೆ."

"ಅದೊಂದು ದಿನ ಇಲ್ಲ ಅನ್ನಬಾರ್ದಿತ್ತಾ? ಇನ್ನೊಂದ್ಸಲ ಹೋಗಿ ನೋಡೋಣ ಕಣೆ ಅನ್ನಬಾರ್ದಿತ್ತಾ? ಆ ಒಂದು ಮಾತಿಗೆ ಬಾಗಿಲ ಹತ್ರಾನೇ ನಿಂತಿದ್ದೆ ನಾನು."

"ಅನ್ಬೇಕು ಅಂತಾನೇ ಇತ್ತು" ಎಂದರು ಅವರು. ದನಿ ಏರಿತ್ತು. ಅವರ ಏರಿದ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. "ನಿನ್ ಮುಖ ನೋಡ್ದೆ. ಇನ್ನೊಂದು ಸೂಜಿ ತಡ್ಕೊಳೋ ಮುಖ ಆಗಿರ್ಲಿಲ್ಲ ಅದು. ಹೆಂಗೆ ಅನ್ಲಿ? ನೀನೋ, ಪಂಪ್ ರೂಮಲ್ಲಿ ಬಾಗ್ಲು ಹಾಕ್ಕೊಂಡು ಅಳ್ತಿದ್ದೆ. ಅದು ಸಿದ್ದಗಂಗಮ್ಮ ಹೇಳಿ ನಂಗೆ ಗೊತ್ತಾಗ್ಬೇಕಾ? ಮೋಟ್ರು ಸದ್ದಲ್ಲಿ ಯಾರಿಗೂ ಕೇಳ್ಸಲ್ಲ ಅಂತ ನಿನಗೊಬ್ಬಳಿಗೇ ಗೊತ್ತಾ? ನಾನೂ ಗಿರಣಿ ಹಾಕ್ಕೊಂಡು ಕೂತಿದೀನಿ. ಕಾಳಿಲ್ಲದೆ ಓಡಿಸಿದೀನಿ, ತಿಂಗಳುಗಟ್ಟಲೆ."

"ಕಾಳಿಲ್ಲದೆ ಓಡಿಸಿದ್ರೆ ಕಲ್ಲು ಸವೆಯುತ್ತೆ ರೀ" ಎಂದೆ. ನನ್ನ ಬಾಯಿಗೆ ಬಂದದ್ದು ಅದು.

"ಸವೀತು. ಆ ವರ್ಷ ಹೊಸ ಕಲ್ಲು ಹಾಕ್ಸಿದ್ದು ಯಾಕೆ ಅಂದ್ಕೊಂಡಿದ್ದೆ?"

ನಾವಿಬ್ಬರೂ ಅತ್ತೆವು. ಕ್ಲೋರಿನ್ನಿನ ದೋಷವಲ್ಲ, ಬೆಳಗ್ಗೆ ನಾನೇ ಪರೀಕ್ಷೆ ಮಾಡಿದ್ದೆ, ಹದವಾಗಿತ್ತು.

ಅಷ್ಟರಲ್ಲಿ ವೇದಿಕೆಯ ಮೇಲಿಂದ ದೊಡ್ಡದೊಂದು ಬಿಕ್ಕಳಿಕೆ ಕೇಳಿಸಿತು. ತಲೆಯಾಡಿಸುವ ಕಾರ್ಯದರ್ಶಿ. ಪಕ್ಕದ ಹೆಂಗಸಿನ ಕಡೆ ತಿರುಗಿ ಏನೋ ಹೇಳಲು ಹೋಗಿ ಮತ್ತೆ ಬಿಕ್ಕಳಿಸಿದ. ಅಲ್ಲೇ ನಿಂತಿದ್ದ ಹನುಮಂತು ಅವನ ಭುಜ ಮುಟ್ಟಿ, "ಹೀಗಾದ್ರೆ ನೀರಿಗೆ ಇಳೀಬೇಕು ಸಾರ್. ನಮ್ಮಲ್ಲಿ ಬೇರೆ ಔಷಧಿ ಇಲ್ಲ" ಎಂದ. ಕಾರ್ಯದರ್ಶಿ ಬೂಟು ಬಿಚ್ಚಿ ಇಳಿದ. ಕನ್ನಡಕ ತೆಗೆದಿಟ್ಟು ಆ ಹೆಂಗಸೂ ಇಳಿದರು. ಯಾರು ಬರೆದ ವರದಿಗೆ ಯಾರು ತಮ್ಮ ಹೆಸರು ಹಾಕಿಕೊಂಡರು ಎಂಬುದು ಊರಿಗೆಲ್ಲ ತಿಳಿಯಿತು. ಆಮೇಲೆ ತಡೆಯುವವರು ಯಾರು? ತಿಂಗಳ ಬಾಕಿಯಿತ್ತು. ಅತ್ತೆಯರು ಇಳಿದರು, ಸೊಸೆಯರು ಇಳಿದರು, ಮೇಷ್ಟರುಗಳು ಹೆಡ್‌ಮಾಸ್ತರರನ್ನು ಎತ್ತಿಕೊಂಡೇ ಇಳಿದರು. ಸಿದ್ದಗಂಗಮ್ಮ ಮೈಲಾರಿಯನ್ನು ಪಂಚೆಯ ಗಂಟು ಹಿಡಿದು ಎಳೆದು ತಂದಳು. ರೇವಣಸಿದ್ದಪ್ಪ ಹಣ್ಣಿನ ಬುಟ್ಟಿ ಹಿಡಿದು ಬಹಳ ಹೊತ್ತು ನಿಂತಿದ್ದ. ಕೊನೆಗೆ ಬುಟ್ಟಿ ಕೆಳಗಿಟ್ಟು, "ನಮ್ಮ ತಮ್ಮ ಎಲ್ಲಿದ್ದಾನೆ?" ಎಂದು ಕೇಳುತ್ತ ಅವನೂ ಇಳಿದ. ಬಹುಮಾನ ಬೇರೆ ಊರಿಗೆ ಹೋಯಿತು.

ಮರುದಿನ ಬೆಳಗ್ಗೆ ನೀರು ಕಲಗಚ್ಚಿನಂತಿತ್ತು. ಕಸ ಹಿಡಿಯುವ ಜಾಲರಿಯ ಬುಟ್ಟಿಯಲ್ಲಿ ಚೆಂಡುಹೂವು, ಗಡ್ಡದ ಕೂದಲು, ಒಂದು ಹಲ್ಲಿನ ಸೆಟ್ಟು. ಅಷ್ಟೊಂದು ನೀರು ಹೊರಗೆ ಚೆಲ್ಲಿದ ಮೇಲೆ ಉಪ್ಪೂ ಇಳಿದಿತ್ತು. ನಾನು ತಳಕ್ಕೆ ಉಪ್ಪು ಸುರಿದು, ಅದು ಗುಡ್ಡೆಯಾಗಿ ಕೂರದಂತೆ ಬ್ರಷ್ಷಿನಿಂದ ಹರಡುತ್ತಿದ್ದೆ. ಗೇಟು ಸದ್ದಾಯಿತು. ನಮ್ಮವರು, ಹೆಗಲ ಮೇಲೆ ಟವೆಲು, ಗಿರಣಿಗೆ ಹೋಗುವ ಹೊತ್ತಿನಲ್ಲಿ.

ಅವತ್ತು ಅವರು ಕೊಳಕ್ಕೆ ಬೆನ್ನು ಹಾಕಲಿಲ್ಲ. ಆಚೆ ತುದಿಯ ಆಳದ ಕಡೆ ನೋಡುತ್ತ ನಿಂತರು.

"ನಿನ್ನೆ ಹೇಳಿದ್ದೆಲ್ಲ ಸೊಂಟದ ಮಟ್ಟದ್ದು ಅಷ್ಟೇ" ಎಂದರು. "ಇನ್ನೂ ಇದೆ. ಅದಕ್ಕೆ ಈ ನೀರು ಸಾಲಲ್ಲ. ಈಜು ಕಲಿಸ್ತೀಯಾ?"

"ಉಪ್ಪು ಕರಗ್ಲಿ. ಸಾಯಂಕಾಲ ಬನ್ನಿ" ಎಂದೆ.

"ಇಲ್ಲ. ಈಗ್ಲೇ" ಎಂದರು.

ಪಂಪು ಓಡುತ್ತಿತ್ತು, ಕಾಲಡಿಯಲ್ಲಿ ಉಪ್ಪಿನ ಹರಳು ಇನ್ನೂ ಚುಚ್ಚುತ್ತಿತ್ತು. ಗೋಡೆ ಹಿಡಿದು ಕಾಲು ಬಡಿಯುವುದನ್ನು ಹೇಳಿಕೊಟ್ಟೆ. ಹೊಟ್ಟೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿ ಹಿಡಿದೆ. ರಾಗಿ ಮೂಟೆಯ ಭಾರ. ಬಾಯ್ತುಂಬ ನೀರು ತುಂಬಿಕೊಂಡು, ಮುಳುಗುತ್ತ ಏಳುತ್ತ, ಅವರು ನನ್ನ ಬಗ್ಗೆ ಏನನ್ನೋ ಬಹಳ ಸಿಟ್ಟಿನಿಂದ ಹೇಳುತ್ತಿದ್ದರು. ಒಂದಕ್ಷರವೂ ತಿಳಿಯಲಿಲ್ಲ. "ಹ್ಞೂಂ, ಆಮೇಲೆ?" ಎನ್ನುತ್ತ ನಾನು ಅವರನ್ನು ಆಳದ ಕಡೆಗೆ ತಳ್ಳಿಕೊಂಡು ಹೋದೆ.